ಸ್ಲೋನಲ್ಲಿ ಬಿಸಿ ಏರೋ ಹಳೇ ಬೋಟ್ ಇಂಜಿನ್: ಹೆಡ್ ಬಿಚ್ಚೋಕೆ ಮುಂಚೆ ಇದನ್ನ ಓದಿ

ಹಳೇ ಡೀಸೆಲ್ ಬೋಟ್ ಇಂಜಿನ್ ಇಟ್ಕೊಂಡಿರೋರು ದಯವಿಟ್ಟು ಪೂರ್ತಿ ಓದಿ. ಸ್ಲೋನಲ್ಲಿ ನಿಂತಾಗ ಟೆಂಪರೇಚರ್ ಏರುತ್ತೆ, ರೇಸ್ ಕೊಟ್ರೆ ಇಳಿಯುತ್ತೆ ಅಂತ ಹೇಳಿದ ತಕ್ಷಣ ಯಾರಾದ್ರೂ "ಹೆಡ್ ಗ್ಯಾಸ್ಕೆಟ್ ಹೋಗಿದೆ" ಅಂದ್ರೆ ಅವರಿಗೆ ಸ್ಪ್ಯಾನರ್ ಹಾಕೋಕೆ ಬಿಡ್ಬೇಡಿ (ಹೆಡ್ ಅಂದ್ರೆ ಸಿಲಿಂಡರ್‌ಗಳ ಮೇಲಿನ ಮುಚ್ಚಳ, ಗ್ಯಾಸ್ಕೆಟ್ ಅದರ ಕೆಳಗೆ ಕೂರೋ ಸೀಲ್). ನನಗೆ ಆಗಿದ್ದು ಇದೇ, ಇನ್ನೊಬ್ಬರಿಗೆ ಆಗೋದು ಬೇಡ.

ನಮ್ಮದು ಒಳಗಡೆ ಕೂಲೆಂಟ್ ಸುತ್ತೋದು, ಹೊರಗಿನ ನೀರು ಎಳ್ಕೊಂಡು ಹೀಟ್ ಎಕ್ಸ್‌ಚೇಂಜರ್‌ನಲ್ಲಿ ಅದನ್ನ ತಣ್ಣಗೆ ಮಾಡೋ ತರದ ಇಂಜಿನ್. ಓಡಿಸುವಾಗ ಮುಳ್ಳು 80 ಡಿಗ್ರಿ ಹತ್ರ ಅಲ್ಲಾಡದೆ ನಿಲ್ತಿತ್ತು, ದಡಕ್ಕೆ ಬಂದು ಸ್ಲೋ ಮಾಡಿದ್ರೆ ಮೆಲ್ಲಗೆ 95 ದಾಟ್ತಿತ್ತು, ಸ್ವಲ್ಪ ರೇಸ್ ಕೊಟ್ರೆ ವಾಪಸ್ ಇಳೀತಿತ್ತು. ಇದನ್ನೆಲ್ಲಾ ಮೆಕ್ಯಾನಿಕ್‌ಗೆ ಬಿಡಿಸಿ ಹೇಳ್ದೆ, ಗ್ಯಾಸ್ಕೆಟ್ ಹೋಗಿದ್ರೆ ಲೋಡ್ ಇದ್ದಾಗ ತಾನೇ ಜಾಸ್ತಿ ಬಿಸಿಯಾಗ್ಬೇಕು ಅಂತಾನೂ ಕೇಳ್ದೆ. "ಹಳೇ ಇಂಜಿನ್ ಸಾರ್, ಹಿಂಗೇ ಶುರುವಾಗೋದು, ಹೆಡ್ ಇಳಿಸ್ಲೇಬೇಕು" ಅಂದ್ರು. ಹೊರಗಿನ ನೀರು ಎಳೆಯೋ ಪಂಪಿನ ಮುಚ್ಚಳ ಒಂದ್ಸಲಾನೂ ತೆಗೆದು ನೋಡ್ಲಿಲ್ಲ. ಹೆಡ್ ಇಳಿಸಿದ್ರು, ತುಕ್ಕು ಹಿಡಿದಿದ್ದ ಸ್ಟಡ್ ಒಂದನ್ನ ಬ್ಲಾಕ್ ಒಳಗೇ ಮುರಿದ್ರು, ಅದನ್ನ ಡ್ರಿಲ್ ಹೊಡೆದು ತೆಗೆದು ಹೊಸ ಥ್ರೆಡ್ ಮಾಡೋದೇ ಒಂದು ದೊಡ್ಡ ಕೆಲಸ ಆಯ್ತು. ಹಳೇ ಗ್ಯಾಸ್ಕೆಟ್ ಕೈಗೆ ತಗೊಂಡು ತಿರುಗಿಸಿ ತಿರುಗಿಸಿ ನೋಡ್ದೆ, ಗ್ಯಾಸ್ ದಾಟಿದ ಕಪ್ಪು ಗೆರೆ ಎಲ್ಲೂ ಇರ್ಲಿಲ್ಲ. ಎಲ್ಲಾ ಜೋಡಿಸಿ ಸ್ಟಾರ್ಟ್ ಮಾಡಿದ್ರೆ ಸ್ಲೋನಲ್ಲಿ ಮತ್ತೆ ಅದೇ ಬಿಸಿ. ಕೊನೆಗೆ "ಥರ್ಮೋಸ್ಟಾಟ್ ಕಿತ್ತು ಓಡಿಸಿ" ಅಂದ್ರು, ಇದಂತೂ ಇನ್ನೂ ಕೆಟ್ಟ ಸಲಹೆ, ಯಾಕಂದ್ರೆ ಎಷ್ಟೋ ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ (ಬಿಸಿಯಾದಾಗ ಕೂಲೆಂಟ್‌ಗೆ ದಾರಿ ಬಿಡೋ ವಾಲ್ವ್) ತೆರೆದಾಗ ಬೈಪಾಸ್ ದಾರಿ (ಎಕ್ಸ್‌ಚೇಂಜರ್‌ಗೆ ಹೋಗದೆ ಇಂಜಿನ್‌ಗೇ ವಾಪಸ್ ಹೋಗೋ ದಾರಿ) ಮುಚ್ಚುತ್ತೆ, ಅದನ್ನೇ ತೆಗೆದುಬಿಟ್ರೆ ಕೂಲೆಂಟ್ ಎಕ್ಸ್‌ಚೇಂಜರ್ ಕಡೆ ಸರಿಯಾಗಿ ಹೋಗದೆ ಬೈಪಾಸ್‌ನಲ್ಲೇ ಸುತ್ತುತ್ತೆ.

ಆಮೇಲೆ ಇನ್ನೊಬ್ಬರನ್ನ ಕರೆಸಿದ್ವಿ. ಅವರು ಇಂಜಿನ್ ಮುಟ್ಟೋಕೆ ಮುಂಚೆ ಸ್ಟ್ರೈನರ್‌ಗೂ (ಒಳಗೆ ಬರೋ ನೀರಿನ ಕಸ ಹಿಡಿಯೋ ಜಾಲರಿ) ಪಂಪಿಗೂ ಮಧ್ಯ ಇದ್ದ ಹೋಸ್ ಬಿಚ್ಚಿ ಒಂದು ತುಂಡು ಟ್ರಾನ್ಸ್‌ಪರೆಂಟ್ ಪೈಪ್ ಹಾಕಿದ್ರು. ಸ್ಟಾರ್ಟ್ ಮಾಡಿ ಸ್ಲೋನಲ್ಲಿ ಬಿಟ್ರೆ ನೀರಿನ ಜೊತೆ ಗುಳ್ಳೆಗಳು ಸಾಲುಸಾಲಾಗಿ ಓಡ್ತಿದ್ವು, ಆ ನೀರು ಕೊನೆಗೆ ಹೊರಹೋಗೋ ಎಕ್ಸಾಸ್ಟ್‌ನಲ್ಲಿ ನೀರು ಬಿಟ್ಟುಬಿಟ್ಟು ಉಗೀತಿತ್ತು. ಸ್ಟ್ರೈನರ್ ಮುಚ್ಚಳದ ರಬ್ಬರ್ ರಿಂಗ್ ಗಟ್ಟಿಯಾಗಿ ಚಪ್ಪಟೆಯಾಗಿ ಹೋಗಿತ್ತು. ಸ್ಟ್ರೈನರ್ ವಾಟರ್‌ಲೈನ್‌ಗಿಂತ (ಹೊರಗಿನ ನೀರಿನ ಮಟ್ಟಕ್ಕಿಂತ) ಮೇಲಿದ್ರೆ ಇಂಥ ಕಡೆ ನೀರು ಹೊರಗೆ ಸೋರಲ್ಲ, ಗಾಳಿ ಒಳಗೆ ಹೋಗುತ್ತೆ, ಅದಕ್ಕೇ ಕಣ್ಣಿಗೆ ಬೀಳೋದೇ ಇಲ್ಲ. ಪಂಪ್ ಬಿಚ್ಚಿದ್ರೆ ಇಂಪೆಲ್ಲರ್ (ಒಳಗೆ ತಿರುಗಿ ನೀರು ತಳ್ಳೋ ರಬ್ಬರ್ ಚಕ್ರ) ರೆಕ್ಕೆಗಳೆಲ್ಲಾ ಒಂದೇ ಕಡೆ ಬಾಗಿ ಹಾಗೇ ನಿಂತಿದ್ವು, ಎರಡು ರೆಕ್ಕೆ ಇರ್ಲೇ ಇಲ್ಲ, ಮುಚ್ಚಳದ ಒಳಗಡೆ ಉಗುರಿಗೆ ಸಿಗೋವಷ್ಟು ಆಳದ ಗೆರೆ.

ರಬ್ಬರ್ ಇಂಪೆಲ್ಲರ್ ಪಂಪು ತಳ್ಳೋ ನೀರು ಆರ್‌ಪಿಎಂ ಮೇಲೆ ನಿಂತಿರುತ್ತೆ. ರೆಕ್ಕೆ ಸವೆದು ಮುಚ್ಚಳದಲ್ಲಿ ಸಂದು ಬಿದ್ದು ಮೇಲಿಂದ ಗಾಳಿ ಬೇರೆ ಸೇರ್ಕೊಂಡ್ರೆ, ತೂತಾದ ಸ್ಟ್ರಾ ಬಾಯಲ್ಲಿಟ್ಟು ನಿಧಾನಕ್ಕೆ ಎಳೆದ ಹಾಗೆ, ಸ್ಲೋನಲ್ಲಿ ನೀರು ಸರಿಯಾಗಿ ಬರಲ್ಲ, ರೇಸ್ ಕೊಟ್ಟಾಗ ಹೆಂಗೋ ಸಾಕಾಗುತ್ತೆ. ಇದು ತಿರುಗಾಮುರುಗಾ ಇದ್ದು, ಸ್ಲೋನಲ್ಲಿ ಸರಿಯಿದ್ದು ಜೋರಾಗಿ ಓಡಿಸಿದಾಗ ಬಿಸಿಯಾದ್ರೆ ಎಕ್ಸ್‌ಚೇಂಜರ್ ಕಟ್ಟಿರೋದು, ಇನ್ಲೆಟ್‌ಗೆ ಕಸ ಸಿಕ್ಕಿರೋದು, ಎಕ್ಸಾಸ್ಟ್ ಎಲ್ಬೋ (ಬಾಗಿದ ಪೈಪ್) ಮುಚ್ಚಿರೋದು ನೋಡಿ.

ಮುರಿದ ರೆಕ್ಕೆ ಎಲ್ಲೋಯ್ತು ಅಂತ ಹುಡುಕದೆ ಹೊಸ ಇಂಪೆಲ್ಲರ್ ಹಾಕಿ ಮುಗಿಸೋಕೆ ಯಾರಿಗೂ ಬಿಡ್ಬೇಡಿ. ನಮ್ಮದರಲ್ಲಿ ಎರಡು ತುಂಡೂ ಎಕ್ಸ್‌ಚೇಂಜರ್ ಬಾಯಲ್ಲಿ ಸಣ್ಣ ಟ್ಯೂಬ್‌ಗಳಿಗೆ ಅಡ್ಡ ಕೂತಿದ್ವು. ತುಂಡುಗಳನ್ನ ಹಳೇ ಇಂಪೆಲ್ಲರ್‌ಗೆ ಜೋಡಿಸಿ ನೋಡಿ, ಪೂರ್ತಿ ಆಗ್ಲಿಲ್ಲ ಅಂದ್ರೆ ಇನ್ನೂ ಒಳಗಿದೆ ಅಂತ ಅರ್ಥ.

ಮೀಟರನ್ನೂ ಪೂರ್ತಿ ನಂಬ್ಬೇಡಿ. ಲೈಟ್ ಹಾಕಿದ್ರೆ ಮುಳ್ಳು ಹಾರುತ್ತೆ ಅಂದ್ರೆ ಮೊದಲು ಅರ್ತಿಂಗ್ ನೋಡಿ. ಥರ್ಮೋಸ್ಟಾಟ್ ಹೌಸಿಂಗ್ ಮೇಲೆ ಕಪ್ಪು ಟೇಪ್ ಅಂಟಿಸಿ ಇನ್ಫ್ರಾರೆಡ್ ಥರ್ಮಾಮೀಟರ್ ಹಿಡೀರಿ, ಹೊಳೆಯೋ ಲೋಹದ ಮೇಲೆ ಅದು ತಪ್ಪು ತೋರಿಸುತ್ತೆ. ಗ್ಯಾಸ್ಕೆಟ್ ಮೇಲೇ ಡೌಟ್ ಇದ್ರೆ ಕೂಲೆಂಟ್ ಟ್ಯಾಂಕಲ್ಲಿ ಎಕ್ಸಾಸ್ಟ್ ಗ್ಯಾಸ್ ಇದ್ಯಾ ಅಂತ ಬಣ್ಣ ಬದಲಾಯಿಸೋ ಲಿಕ್ವಿಡ್‌ನಲ್ಲಿ ಟೆಸ್ಟ್ ಮಾಡೋ ಕಿಟ್ ಸಿಗುತ್ತೆ, ಹೆಡ್ ಬಿಚ್ಚದೇನೇ ಗೊತ್ತಾಗುತ್ತೆ. ಬಿಸಿ ಇದ್ದಾಗ ಮಾತ್ರ ಟ್ಯಾಂಕ್ ಕ್ಯಾಪ್ ತೆಗೀಬೇಡಿ, ಕುದಿಯೋ ಕೂಲೆಂಟ್ ಮುಖಕ್ಕೇ ಹಾರುತ್ತೆ.

ಇನ್ನೊಂದು ವಿಷಯ, ಇದನ್ನ ಬಹಳ ಜನ ಹೇಳಲ್ಲ. ಈ ಟೆಸ್ಟ್‌ಗಳ ಮಧ್ಯ ಇಂಜಿನ್ ಸ್ಟಾರ್ಟ್ ಆಗದೆ ಸೆಲ್ಫ್ ಹೊಡೀತಾನೇ ಇರಬೇಕಾಗಿ ಬಂದ್ರೆ ಹೊರಗಿನ ನೀರು ಒಳಗೆ ಬರೋ ವಾಲ್ವ್ (ಸೀಕಾಕ್) ಮುಚ್ಚಿಡಿ. ಇಂಜಿನ್ ಹತ್ತದೇ ಇದ್ರೂ ಪಂಪು ನೀರು ತಳ್ತಾನೇ ಇರುತ್ತೆ, ಆ ನೀರನ್ನ ಹೊರಗೆ ದಬ್ಬೋಕೆ ಎಕ್ಸಾಸ್ಟ್ ಗ್ಯಾಸ್ ಇರಲ್ಲ, ಮಫ್ಲರ್ ತುಂಬಿ ಸಿಲಿಂಡರ್‌ಗೇ ನೀರು ನುಗ್ಗಬಹುದು, ಆಗ ನಿಜವಾಗ್ಲೂ ಹೆಡ್ ಬಿಚ್ಚೋ ಪರಿಸ್ಥಿತಿ ಬರುತ್ತೆ. ಇಂಜಿನ್ ಹತ್ತಿದ ತಕ್ಷಣ ಮರೀದೆ ಸೀಕಾಕ್ ತೆರೀರಿ, ನೀರಿಲ್ಲದೆ ಓಡಿದ್ರೆ ಹೊಸ ಇಂಪೆಲ್ಲರ್ ನೋಡ್ತಾ ನೋಡ್ತಾ ಸುಟ್ಟುಹೋಗುತ್ತೆ.