ಎರಡು ಸಾವಿರದೊಳಗಿನ ಉಪ್ಪಿನ ರಿಫ್ರಾಕ್ಟೋಮೀಟರ್: ತಗೊಳ್ಳಬಹುದಾ?

ನೀರಿನ ಹನಿ ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅಂತ ನೋಡಿ ಅದರಲ್ಲಿನ ಉಪ್ಪು ಅಳೆಯುವ ಮೀಟರ್ ಇದು. ಮೊದಲೇ ಹೇಳಿಬಿಡುತ್ತೇನೆ, ತಗೊಳ್ಳಬಹುದು. ಆದರೆ ಅಂಗಡಿಯವರು ಹೇಳಿಕೊಟ್ಟ ಹಾಗೆ ಬಳಸಬೇಡಿ.

ನಾನು ಬೆಂಗಳೂರಿನ ವಿಜಯನಗರದ ಕಡೆ ಒಂದು ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಊರು ಕುಮಟಾ ಹತ್ತಿರ. ಹಾಗಾಗಿ ಫೀಲ್ಡ್ ಟ್ರಿಪ್ ಅಂದರೆ ನಮ್ಮ ಮಕ್ಕಳಿಗೆ ಅಘನಾಶಿನಿ ಅಳಿವೆಯೇ ಗತಿ. ಅಲ್ಲಿ ಏಡಿ, ಬಳಚು ಚಿಪ್ಪಿ, ಕಾಂಡ್ಲಾ ಗಿಡ ಏನೇ ನೋಡಿದರೂ ಮೊದಲು ಬರೆದುಕೊಳ್ಳಬೇಕಾದ್ದು ನೀರಿನ ಉಪ್ಪು. ಮುಂಚೆ ಇದಕ್ಕೆ ಸಿಲ್ವರ್ ನೈಟ್ರೇಟ್ ಟೈಟ್ರೇಷನ್ ಮಾಡಿಸುತ್ತಿದ್ದೆ. ಲಾಡ್ಜಿನ ಮೇಜಿನ ಮೇಲೆ ಬ್ಯುರೆಟ್ ನಿಲ್ಲಿಸಿ, ಬೆರಳೆಲ್ಲ ಕಪ್ಪಾಗಿಸಿಕೊಂಡು, ಒಂದು ಬಾಟಲಿ ಮುಗಿಯುವಷ್ಟರಲ್ಲಿ ಮಕ್ಕಳಿಗೆ ಆಕಳಿಕೆ. ಸಾಕಾಗಿ ಅವೆನ್ಯೂ ರೋಡ್ ಕಡೆಯ ಒಂದು ಲ್ಯಾಬ್ ಸಾಮಾನಿನ ಅಂಗಡಿಗೆ ಹೋದೆ.

ಅಲ್ಲಿ ಮೊದಲು ಕೈಗೆ ಕೊಟ್ಟಿದ್ದು ಸಕ್ಕರೆ ಅಳೆಯುವ ಬ್ರಿಕ್ಸ್ ಮೀಟರ್. ಕಬ್ಬು, ದ್ರಾಕ್ಷಿಯವರು ಬಳಸುವಂಥದ್ದು. ಹೊರಗಿನಿಂದ ಎರಡೂ ಒಂದೇ ಥರ, ಅದೇ ಕಪ್ಪು ರಬ್ಬರ್ ಹಿಡಿ, ಅದೇ ಡಬ್ಬಿ. ಒಳಗೆ ಕಣ್ಣಿಟ್ಟು ಸ್ಕೇಲ್ ನೋಡಿಯೇ ದುಡ್ಡು ಕೊಡಿ. ಉಪ್ಪಿನದ್ದಾದರೆ ಒಂದು ಪಕ್ಕ 0ಯಿಂದ 100ರವರೆಗೆ ಅಂಕಿ ಇರುತ್ತದೆ. ಅಂದರೆ ಸಾವಿರ ಪಾಲು ನೀರಿನಲ್ಲಿ ಎಷ್ಟು ಪಾಲು ಉಪ್ಪು ಅಂತ. ಇನ್ನೊಂದು ಪಕ್ಕ 1.000ದಿಂದ ಮೇಲಕ್ಕೆ ಸಾಂದ್ರತೆ.

"ಹೇಗೆ ಸೆಟ್ ಮಾಡೋದು?" ಅಂತ ಕೇಳಿದೆ.

"ನಲ್ಲಿ ನೀರು ಎರಡು ಹನಿ ಹಾಕಿ ಸೊನ್ನೆಗೆ ತಂದ್ಕೊಳ್ಳಿ ಮೇಡಂ, ಆಯ್ತು. ಅಕ್ವೇರಿಯಂನವರೆಲ್ಲ ಹಾಗೇ ಮಾಡೋದು."

ಬೆಂಗಳೂರಿನ ನಲ್ಲಿ ನೀರು ಅಂದರೆ ಯಾವುದು? ನಮ್ಮ ಬೀದಿಯಲ್ಲೇ ಒಂದು ಮನೆಗೆ ಕಾವೇರಿ, ಪಕ್ಕದ ಮನೆಗೆ ಬೋರ್‌ವೆಲ್. ಗಡಸು ಬೋರ್ ನೀರಿನಲ್ಲಿ ಲೀಟರಿಗೆ ಒಂದು ಗ್ರಾಂ ಹತ್ತಿರ ಲವಣ ಇದ್ದರೂ ಆಶ್ಚರ್ಯವಿಲ್ಲ. ಈ ಸ್ಕೇಲಿನಲ್ಲಿ ಅದು ಪೂರ್ತಿ ಒಂದು ಗೆರೆ! ಡಿಸ್ಟಿಲ್ಡ್ ವಾಟರೇ ಬೇಕು.

ಸೊನ್ನೆ ಸರಿಯಾದರೂ ಕೆಲಸ ಮುಗಿಯಲಿಲ್ಲ. ಅಗ್ಗದ ರಿಫ್ರಾಕ್ಟೋಮೀಟರುಗಳಲ್ಲಿ ಎಷ್ಟೋ ಬರೀ ಅಡುಗೆ ಉಪ್ಪಿನ ದ್ರಾವಣಕ್ಕೆ ಮಾಡಿದವು. ಸಮುದ್ರದ ನೀರಿನಲ್ಲಿ ಸೋಡಿಯಂ ಕ್ಲೋರೈಡ್ ಜೊತೆ ಮೆಗ್ನೀಷಿಯಂ, ಸಲ್ಫೇಟ್, ಕ್ಯಾಲ್ಸಿಯಂ ಎಲ್ಲ ಇವೆ. ಅದು ಬೆಳಕನ್ನು ಸ್ವಲ್ಪ ಬೇರೆ ಥರ ಬಗ್ಗಿಸುತ್ತದೆ. ಪರೀಕ್ಷೆ ಸುಲಭ. 3.65 ಗ್ರಾಂ ಶುದ್ಧ ಸೋಡಿಯಂ ಕ್ಲೋರೈಡನ್ನು 96.35 ಗ್ರಾಂ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ. ಈ ದ್ರಾವಣ ಬೆಳಕನ್ನು ಬಗ್ಗಿಸುವುದು 35ರ ಸಮುದ್ರ ನೀರಿನಷ್ಟೇ. ಮೀಟರ್ ಸಮುದ್ರಕ್ಕಾಗಿಯೇ ಮಾಡಿದ್ದಾದರೆ 35 ತೋರಿಸಬೇಕು. ನನ್ನದು 36 ಮತ್ತು 37ರ ನಡುವೆ ನಿಂತಿತು. ಡಬ್ಬಿ ಮೇಲೆ ದೊಡ್ಡದಾಗಿ ಮೀನಿನ ಚಿತ್ರ ಬೇರೆ!

ಸ್ಕ್ರೂ ತಿರುಗಿಸಿ ಅದನ್ನು 35ಕ್ಕೆ ಎಳೆಯಬಹುದು. ಮನೆಯಲ್ಲಿ ಹವಳದ ತೊಟ್ಟಿ ಇಟ್ಟವರು ಹಾಗೆ ಮಾಡಲಿ, ಅವರ ನೀರು ಯಾವಾಗಲೂ 35ರ ಆಸುಪಾಸೇ. ನಮಗೆ ಅದು ಆಗುವುದಿಲ್ಲ. ಅಳಿವೆಯಲ್ಲಿ 2 ಇರುತ್ತದೆ, 20 ಇರುತ್ತದೆ. ಮೇಲೆ ಸರಿಮಾಡಿದರೆ ಕೆಳಗೆ ಸೊನ್ನೆ ತಪ್ಪುತ್ತದೆ. ಅದಕ್ಕೇ ಸೊನ್ನೆಯನ್ನು ಅಲ್ಲೇ ಬಿಟ್ಟು, ಡಬ್ಬಿಯ ಮುಚ್ಚಳಕ್ಕೆ ಒಂದು ಚೀಟಿ ಅಂಟಿಸಿದ್ದೇನೆ: ಬಂದ ಅಂಕಿಯನ್ನು 1.043ರಿಂದ ಭಾಗಿಸಿ. 10ರ ಹತ್ತಿರ ವ್ಯತ್ಯಾಸ ಕಣ್ಣಿಗೇ ಕಾಣಲ್ಲ, 35ರ ಹತ್ತಿರ ಒಂದೂವರೆ ಇಳಿಯುತ್ತದೆ.

ಇನ್ನು ಬಿಸಿಲು. ತಾಪಮಾನಕ್ಕೆ ತಾನೇ ಹೊಂದಿಕೊಳ್ಳುತ್ತದೆ ಅಂತ ಡಬ್ಬಿ ಮೇಲೆ ಬರೆದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ 10ರಿಂದ 30 ಡಿಗ್ರಿ. ಬೆಂಗಳೂರಿನ ಲ್ಯಾಬಿಗೆ ಧಾರಾಳ. ಮೇ ತಿಂಗಳಲ್ಲಿ ಕುಮಟಾದ ಕೆಸರಿನ ಮೇಲೆ ನಿಂತಾಗ ಸಾಲುವುದಿಲ್ಲ, ಅಂಗೈಯಲ್ಲಿ ಹಿಡಿದ ಮೀಟರೇ 30 ದಾಟಿರುತ್ತದೆ. ನೆರಳಿಗೆ ಬನ್ನಿ. ಹನಿ ಹಾಕಿ ಮುಚ್ಚಿದ ಮೇಲೆ ಅರ್ಧ ನಿಮಿಷ ಸುಮ್ನೆ ಕಾಯಿರಿ. ಕಾದರೆ ನೀಲಿ ಬಿಳಿ ಸೇರುವ ಗೆರೆ ನಿಧಾನವಾಗಿ ಜರುಗಿ ನಿಲ್ಲುವುದು ಕಾಣುತ್ತದೆ. ಗೆರೆ ಮಸುಕಾಗಿದ್ದರೆ ಗಾಜಿನ ಕೆಳಗೆ ಗುಳ್ಳೆ ಇದೆ ಅಂತ ಅರ್ಥ, ಒರೆಸಿ ಮತ್ತೆ ಹಾಕಿ. ಕನ್ನಡಕದವರು ಕನ್ನಡಕ ತೆಗೆದು ಐಪೀಸ್ ತಿರುಗಿಸಿಕೊಂಡರೆ ಚೆನ್ನಾಗಿ ಕಾಣುತ್ತದೆ.

ಇಷ್ಟೆಲ್ಲ ತಕರಾರು ಹೇಳಿದ ಮೇಲೂ ತಗೊಳ್ಳಿ ಅನ್ನುವುದು ಯಾಕೆ? ಅಳಿವೆಗೆ ಇದು ಬೇಕಾದಷ್ಟಾಯಿತು. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಬೇಸಿಗೆಯಲ್ಲಿ ಕಡಲಿನ ಉಪ್ಪು ದೂರ ಒಳಗೆ ಬರುತ್ತದೆ, ಮಳೆಗಾಲದಲ್ಲಿ ಘಟ್ಟದ ನೀರು ಅದನ್ನು ಹೊರಗೆ ತಳ್ಳುತ್ತದೆ. ಇಷ್ಟು ದೊಡ್ಡ ಏರಿಳಿತಕ್ಕೆ ಒಂದು ಗೆರೆಯ ತಪ್ಪು ಲೆಕ್ಕಕ್ಕಿಲ್ಲ. 2024ರಲ್ಲಿ ಈ ಅಳಿವೆ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಹೆಸರು ಪಟ್ಟಿಯಲ್ಲಿ ಬಂದರೆ ಸಾಲದು, ಉಪ್ಪಿನ ಲೆಕ್ಕವನ್ನು ಯಾರಾದರೂ ವರ್ಷವಿಡೀ ಇಡಬೇಕು ಅಲ್ವಾ? ಅದಕ್ಕೆ ಶಾಲೆಗೊಂದು ಇಂಥ ಮೀಟರ್ ಸಾಕು.

ತೆರೆದ ಸಮುದ್ರದ ಮಾತು ಬೇರೆ. ಅರಬ್ಬಿ ಸಮುದ್ರದಲ್ಲಿ ಮಳೆಗಿಂತ ಆವಿಯಾಗುವುದು ಜಾಸ್ತಿ, ಹಾಗಾಗಿ ಉಪ್ಪು ಹೆಚ್ಚು. ಬಂಗಾಳ ಕೊಲ್ಲಿಗೆ ಗಂಗಾ, ಬ್ರಹ್ಮಪುತ್ರ, ಗೋದಾವರಿ ಎಲ್ಲ ಬಂದು ಬೀಳುತ್ತವೆ, ಮೇಲ್ಪದರ ಸಪ್ಪೆ. ಇವೆರಡರ ನೀರು ಎಲ್ಲಿ ಹೇಗೆ ಬೆರೆಯುತ್ತದೆ ಅನ್ನುವುದಕ್ಕೂ ನಮ್ಮ ಮುಂಗಾರಿಗೂ ನಂಟಿದೆ. ಅದನ್ನೇ ಹುಡುಕಿಕೊಂಡು ಭಾರತೀಯ ವಿಜ್ಞಾನ ಸಂಸ್ಥೆಯವರು, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನವರು ಬ್ರಿಟಿಷ್ ವಿಜ್ಞಾನಿಗಳ ಜೊತೆ 2016ರ ಮಳೆಗಾಲದಲ್ಲಿ 'ಸಿಂಧು ಸಾಧನಾ' ಹಡಗಿನಲ್ಲಿ ಬಂಗಾಳ ಕೊಲ್ಲಿಗೆ ಹೋಗಿದ್ದರು. ಕಡಲೇ ಇಲ್ಲದ ಮಲ್ಲೇಶ್ವರದ ಪಕ್ಕದಿಂದ! ಅಂಥ ಕೆಲಸದಲ್ಲಿ ಉಪ್ಪನ್ನು ನೀರಿನಲ್ಲಿ ಕರೆಂಟ್ ಹರಿಯುವ ಲೆಕ್ಕದಿಂದ ಅಳೆಯುತ್ತಾರೆ. ಎರಡು ಸಾವಿರ ಮೀಟರ್ ಆಳಕ್ಕೆ ತಾವಾಗಿ ಇಳಿದು ಬಂದು ಅಳೆಯುವ ಆರ್ಗೋ ಫ್ಲೋಟ್‌ಗಳ ಗುರಿ 0.01ರಷ್ಟು ನಿಖರತೆ. ನಮ್ಮದರಲ್ಲಿ ಒಂದು ಗೆರೆ ಅಂದರೆ 1. ಪ್ರಾಜೆಕ್ಟ್ ರಿಪೋರ್ಟಿನಲ್ಲಿ 34.27 ಅಂತ ಬರೆದು ತರುವ ಮಕ್ಕಳಿಗೆ ಇದನ್ನೇ ಹೇಳಿ ವಾಪಸ್ ಕಳಿಸುತ್ತೇನೆ.

ಮನೆಯ ಕುಡಿಯುವ ನೀರಿಗೆ ಬಳಸುವ ಟಿಡಿಎಸ್ ಪೆನ್ ಸಾಕಲ್ವಾ ಅಂತ ಕೇಳುವವರಿದ್ದಾರೆ. ಅದು ಅಳೆಯುವುದು ಸಾವಿರಕ್ಕಲ್ಲ, ಹತ್ತು ಲಕ್ಷಕ್ಕೆ ಎಷ್ಟು ಪಾಲು ಅಂತ. ಸಾಮಾನ್ಯವಾಗಿ ಸಿಗುವ ಪೆನ್ನು 9,990ಕ್ಕೆ ನಿಲ್ಲುತ್ತದೆ, ಆ ಲೆಕ್ಕದಲ್ಲಿ ಕಡಲಿನ ನೀರು 35,000. ಅದು ಬೇಡ.

ಬಾಟಲಿಯಲ್ಲಿ ನೀರು ತುಂಬಿ ಬೆಂಗಳೂರಿಗೆ ತಂದು ಅಳೆಯುವುದಾದರೆ ಮುಚ್ಚಳ ಬಿಗಿಯಾಗಿರಲಿ. ಸಡಿಲವಿದ್ದರೆ ನೀರು ಆವಿಯಾಗಿ ಅಂಕಿ ಮೇಲೇರುತ್ತದೆ. ಬಳಸಿದ ಮೇಲೆ ಒದ್ದೆ ಬಟ್ಟೆಯಲ್ಲಿ ಗಾಜು ಒರೆಸಿ. ನಲ್ಲಿ ಕೆಳಗೆ ಹಿಡಿಯಬೇಡಿ, ಒಳಗೆ ನೀರು ಹೋದರೆ ಗಾಜು ಮಂಜಾಗಿ ಗೆರೆ ಕಾಣುವುದೇ ಇಲ್ಲ. ಜೊತೆಗೆ ಕೊಡುವ ಪಿಪೆಟ್ ಕಳಪೆ, ಔಷಧಿ ಅಂಗಡಿಯ ಡ್ರಾಪರ್ ಇಟ್ಟುಕೊಳ್ಳಿ. ಪುಟ್ಟ ಸ್ಕ್ರೂಡ್ರೈವರ್ ಖಂಡಿತ ಕಳೆದುಹೋಗುತ್ತದೆ, ಕನ್ನಡಕದ ಅಂಗಡಿಯದ್ದು ಸರಿಹೊಂದುತ್ತದೆ. ಐದಕ್ಕೆ ಮೂರೂವರೆ ಸ್ಟಾರ್. ಮೀನಿನ ಚಿತ್ರ ಇಲ್ಲದಿದ್ದರೆ ನಾಲ್ಕು ಕೊಡುತ್ತಿದ್ದೆ.