ಮನೆಯಲ್ಲೇ ಬೋರ್ಡ್ ಮಾಡುವವರಿಗೆ ಕಿಕ್ಯಾಡ್ ಹೇಗಿದೆ?

ಎಲ್‌ಇಡಿ ಡಿಮ್ಮರ್‌ನಂಥ (ಬೆಳಕು ಹೆಚ್ಚು ಕಡಿಮೆ ಮಾಡುವ ಸಾಧನ) ಚಿಕ್ಕ ಸರ್ಕ್ಯೂಟ್ ಬೋರ್ಡನ್ನು ಮನೆಯಲ್ಲೇ ಮಾಡಿಕೊಳ್ಳುವವರು, ಬೋರ್ಡಿನ ನಕ್ಷೆ ಬಿಡಿಸುವ ಕಿಕ್ಯಾಡ್ ಕಲಿಯಬೇಕು ಅನ್ನುವುದು ನನ್ನ ಅಭಿಪ್ರಾಯ. 1992ರಲ್ಲಿ ಫ್ರಾನ್ಸಿನ ಜ್ಯಾಂ-ಪಿಯೆರ್ ಶರಾ ಶುರು ಮಾಡಿದ ಈ ಸಾಫ್ಟ್‌ವೇರ್ ಇವತ್ತಿಗೂ ಪೂರ್ತಿ ಉಚಿತ. ಬೋರ್ಡ್ ಸ್ವಲ್ಪ ದೊಡ್ಡದಾದರೆ ದುಡ್ಡು ಕೇಳುವ ಕಿರಿಕಿರಿ ಇಲ್ಲ.

ನಾನು ಡಿಮ್ಮರ್ ಮಾಡಿದ್ದು ಅಮ್ಮನ ಕೋಣೆಯ 12 ವೋಲ್ಟ್ ಎಲ್‌ಇಡಿ ಸ್ಟ್ರಿಪ್‌ಗೆ. ರಾತ್ರಿ ಎದ್ದರೆ ಕಣ್ಣಿಗೆ ಹೊಡೆಯಬಾರದು ಅಂದಿದ್ದರು. 555 ಟೈಮರ್ ಐಸಿ, ಎರಡು 1ಎನ್4148 ಡಯೋಡ್, 100ಕೆ ಪಾಟ್ (ತಿರುಗಿಸುವ ರೆಸಿಸ್ಟರ್), 10 ನ್ಯಾನೋಫ್ಯಾರಡ್ ಕೆಪಾಸಿಟರ್, ಕೊನೆಗೆ ದೀಪಕ್ಕೆ ಸ್ವಿಚ್ಚಿನಂತೆ ಐಆರ್‌ಎಫ್‌ಜೆಡ್44ಎನ್ ಮಾಸ್ಫೆಟ್. ದೀಪ ಸೆಕೆಂಡಿಗೆ ಸುಮಾರು 1,400 ಸಲ ಆನ್-ಆಫ್ ಆಗುತ್ತದೆ. ಪಾಟ್ ತಿರುಗಿಸಿದರೆ ಆನ್ ಇರುವ ಹೊತ್ತು ಹೆಚ್ಚು ಕಡಿಮೆಯಾಗುತ್ತದೆ. ಅಷ್ಟು ಬೇಗ ಆಗುವುದರಿಂದ ಕಣ್ಣಿಗೆ ಗೊತ್ತಾಗುವುದು ಮಂದ ಬೆಳಕು ಮಾತ್ರ.

ಈಗ ಮುಖ್ಯ ವಿಷಯ. ಕಿಕ್ಯಾಡ್ ತಾನಾಗಿ ಕೊಡುವ ಟ್ರ್ಯಾಕ್ (ಕರೆಂಟ್ ಹರಿಯುವ ತಾಮ್ರದ ಗೆರೆ) ಅಗಲ 0.2 ಮಿ.ಮೀ. ಕಾರ್ಖಾನೆಗೆ ಅದು ಸರಿ. ಲೇಸರ್ ಪ್ರಿಂಟಿನ ಟೋನರನ್ನು ಇಸ್ತ್ರಿ ಪೆಟ್ಟಿಗೆಯಲ್ಲಿ ತಾಮ್ರದ ಹಾಳೆಗೆ ಅಂಟಿಸಿ, ಉಳಿದ ತಾಮ್ರ ಕರಗಿಸಲು ಫೆರಿಕ್ ಕ್ಲೋರೈಡ್‌ನಲ್ಲಿ ಅದ್ದುವ ನಮಗೆ ಅಷ್ಟು ಸಣ್ಣ ಗೆರೆ ಉಳಿಯುವುದು ಕಷ್ಟ. ಮಾಮೂಲಿ ಗೆರೆಗೆ 1 ಮಿ.ಮೀ., ಸ್ಟ್ರಿಪ್‌ನ ಕರೆಂಟ್ ಹರಿಯುವ ಕಡೆ 2 ಮಿ.ಮೀ. ಇಡಿ. ಐಸಿಗೆ 'ಲಾಂಗ್‌ಪ್ಯಾಡ್ಸ್' ಅಂತ ಹೆಸರಿರುವ ಫುಟ್‌ಪ್ರಿಂಟ್ (ಕಾಲುಗಳನ್ನು ಬೆಸೆಯುವ ತಾಮ್ರದ ಪ್ಯಾಡುಗಳ ವಿನ್ಯಾಸ) ಆರಿಸಿಕೊಳ್ಳಿ. ಉದ್ದನೆಯ ಪ್ಯಾಡ್ ಇದ್ದರೆ ಡ್ರಿಲ್ ಚೂರು ಆಚೀಚೆ ಆದರೂ ಬೆಸುಗೆಗೆ ತಾಮ್ರ ಉಳಿದಿರುತ್ತದೆ. ಖಾಲಿ ಜಾಗಕ್ಕೆಲ್ಲ ಗ್ರೌಂಡಿಗೆ (ಮೈನಸ್ ಕಡೆಗೆ) ಸೇರಿದ ತಾಮ್ರ ತುಂಬಿಸಿ. ಕರಗಬೇಕಾದ ತಾಮ್ರ ಕಡಿಮೆಯಾದರೆ ದ್ರಾವಣ ಜಾಸ್ತಿ ಬೋರ್ಡಿಗೆ ಬರುತ್ತದೆ ಅಲ್ವಾ?

ಪ್ರಿಂಟ್ ಮಾಡುವ ಕಿಟಕಿ ನನಗೆ ತುಂಬಾ ಇಷ್ಟ. ಅಳತೆ 1:1 ಇಡಬಹುದು. ಪ್ಯಾಡಿನ ನಡುವೆ ಸಣ್ಣ ತೂತಿನ ಗುರುತು ಬಿಡುವ ಆಯ್ಕೆ ಇದೆ, ಡ್ರಿಲ್ ಬಿಟ್ ಅಲ್ಲೇ ಕೂರುತ್ತದೆ. ಕೆಳಗಿನ ತಾಮ್ರದ ಪದರಕ್ಕೆ ಮಿರರ್ (ಕನ್ನಡಿಯಂತೆ ತಿರುಗಿಸುವ ಆಯ್ಕೆ) ಹಾಕಬೇಡಿ. ಇಸ್ತ್ರಿ ಮಾಡುವಾಗ ಚಿತ್ರ ಹೇಗಿದ್ದರೂ ತಿರುಗುತ್ತದೆ. ತ್ರೀ-ಡಿ ನೋಟವೂ ಉಪಯೋಗದ್ದೇ. ವೈರ್ ಸಿಕ್ಕಿಸುವ ಟರ್ಮಿನಲ್ ಬ್ಲಾಕ್‌ನ ಬಾಯಿ ಬೋರ್ಡಿನ ಅಂಚಿನ ಕಡೆಗಿದೆಯಾ ಅಂತ ಡ್ರಿಲ್ ಹಿಡಿಯುವ ಮೊದಲೇ ಕಾಣುತ್ತದೆ.

ಒಂದು ದೂರು ಇದೆ. ಸರ್ಕ್ಯೂಟ್ ಸರಿಯಾಗಿದ್ದರೂ ಕಿಕ್ಯಾಡ್‌ನ ಸರ್ಕ್ಯೂಟ್ ತಪಾಸಣೆ ಓಡಿಸಿದರೆ ಪವರ್ ಪಿನ್‌ಗೆ ಮೂಲ ಇಲ್ಲ ಅಂತ ದೋಷ ತೋರಿಸುತ್ತದೆ. 12 ವೋಲ್ಟ್‌ಗೂ ಗ್ರೌಂಡ್‌ಗೂ 'ಪವರ್ ಫ್ಲ್ಯಾಗ್' ಚಿಹ್ನೆ ಜೋಡಿಸಿದರೆ ಹೋಗುತ್ತದೆ. ಆದರೆ ಆ ಮಾತನ್ನು ಸಂದೇಶದಲ್ಲೇ ಹೇಳಬಹುದಿತ್ತು. ಹೊಸಬರು ಸುಮ್ನೆ ಹೆದರುತ್ತಾರೆ.

ಒಂದೇ ಡಿಮ್ಮರ್ ಬೇಕಿದ್ದರೆ ಜೀರೋ ಬೋರ್ಡ್ (ಸಾಲಾಗಿ ತೂತುಗಳಿರುವ ಸಿದ್ಧ ಬೋರ್ಡ್) ಮೇಲೆ ತಂತಿ ಎಳೆದರೂ ಸಾಕು. ಎರಡನೆಯದು ಬೇಕಾಗುತ್ತದೆ ಅನ್ನಿಸಿದರೆ ಕಿಕ್ಯಾಡ್‌ನಲ್ಲೇ ಮಾಡಿ. ಅಕ್ಕ ತನ್ನ ಅಡುಗೆಮನೆಗೂ ಒಂದು ಕೇಳಿದಾಗ ನಾನು ಅದೇ ಫೈಲನ್ನು ಇನ್ನೊಮ್ಮೆ ಪ್ರಿಂಟ್ ತೆಗೆದೆ, ಅಷ್ಟೇ.