ಟರ್ಬೊ ಕಾರಿಗೆ ಪೋರ್ಟಿಂಗ್ ಮಾಡಿಸುವ ಮುನ್ನ ಇದನ್ನು ಓದಿ

ಹುಬ್ಬಳ್ಳಿ-ಧಾರವಾಡದಲ್ಲಿ ಟರ್ಬೊ ಪೆಟ್ರೋಲ್ ಕಾರು ಇಟ್ಟುಕೊಂಡವರಿಗೆ ಈ ಮಾತು ಹೇಳಲೇಬೇಕು. ಪೋರ್ಟಿಂಗ್ ಅಂದರೆ ಎಂಜಿನ್ನಿನ ಮೇಲ್ಭಾಗದ ಹೆಡ್‌ನಲ್ಲಿ ಗಾಳಿ ಒಳಬರುವ, ಹೊಗೆ ಹೊರಹೋಗುವ ದಾರಿಗಳನ್ನು (ಪೋರ್ಟ್) ಕೆರೆದು ಅಗಲ ಮಾಡುವುದು. ಟರ್ಬೊ ಅಂದರೆ ಆ ಹೊಗೆಯ ಬಲದಿಂದಲೇ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಯಂತ್ರ. ‘ಹೆಡ್ ಪೋರ್ಟಿಂಗ್ ಮಾಡಿಸ್ರಿ, ಪಿಕಪ್ ಎಲ್ಲಿಗೋ ಹೊಕ್ಕೈತಿ’ ಎಂದ ಹುಬ್ಬಳ್ಳಿಯ ಒಂದು ಗ್ಯಾರೇಜಿಗೆ ನನ್ನ ತಮ್ಮ ತನ್ನ 1.2 ಲೀಟರ್ ಕಾರು ಬಿಟ್ಟ. ಈಗ ಆ ಕಾರಿಗೆ ಹೊಸ ಟರ್ಬೊ ಕೂರಿಸಿದ್ದೇವೆ.

ಮೊದಲು ಇನ್‌ಟೇಕ್, ಅಂದರೆ ಗಾಳಿ ಒಳಬರುವ ಕಡೆಯದು. ಗ್ರೈಂಡರ್ ಹಿಡಿದು ಪೋರ್ಟ್‌ಗಳನ್ನು ಸಿಕ್ಕಾಪಟ್ಟೆ ಅಗಲ ಮಾಡಿ, ಫಳಫಳ ಹೊಳೆಸಿ ಕೊಟ್ಟರು. ಊರೊಳಗೆ ಓಡಿಸುವಾಗ ಏನೂ ಗೊತ್ತಾಗಲಿಲ್ಲ. ಅಂಕೋಲಾದಿಂದ ಬರುವಾಗ ಅರಬೈಲ್ ಘಾಟ್‌ನ ಏರಿನಲ್ಲಿ ಬಣ್ಣ ಬಯಲಾಯಿತು. ಹಿಂದೆ ಮೂರನೇ ಗೇರಿನಲ್ಲೇ ಹತ್ತುತ್ತಿದ್ದ ತಿರುವುಗಳಲ್ಲಿ ಎರಡಕ್ಕೆ ಇಳಿಸಬೇಕಾಯಿತು. ಪೋರ್ಟ್ ಅತಿಯಾಗಿ ಅಗಲವಾದರೆ ಕಡಿಮೆ ಆರ್‌ಪಿಎಂನಲ್ಲಿ ಗಾಳಿಯ ವೇಗ ಬೀಳುತ್ತದೆ, ಸಿಲಿಂಡರ್ ಸರಿಯಾಗಿ ತುಂಬುವುದಿಲ್ಲ, ಟರ್ಬೊ ಏಳುವುದೂ ತಡವಾಗುತ್ತದೆ. ಅದೂ ಅಲ್ಲದೆ ಟರ್ಬೊ ಗಾಡಿಯಲ್ಲಿ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಎಷ್ಟಿರಬೇಕು ಎಂದು ನಿರ್ಧರಿಸುವುದು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್. ಅದನ್ನು ರೀಮ್ಯಾಪ್ ಮಾಡದೆ, ಅಂದರೆ ಅದರ ಪ್ರೋಗ್ರಾಂ ಬದಲಿಸದೆ, ಬರೀ ಪೋರ್ಟ್ ಕೆರೆದರೆ ಇವರು ಹೇಳುವಷ್ಟು ಪವರ್ ಬರುವುದೇ ಇಲ್ಲ.

ಇಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ನಿಜವಾದ ಹಾನಿ ಆದದ್ದು ಹೊಗೆ ಹೊರಹೋಗುವ ಎಕ್ಸಾಸ್ಟ್ ಕಡೆ. ಈ ಕಾರಿನಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಗೂಡಿಸುವ ಕೊಳವೆ) ಮತ್ತು ಟರ್ಬೈನ್ ಹೌಸಿಂಗ್ (ಟರ್ಬೊದ ಹೊಗೆ ತಾಗುವ ಚಕ್ರದ ಕವಚ) ಒಂದೇ ಎರಕ. ಮ್ಯಾನಿಫೋಲ್ಡ್ ಒಳಗೆ ಗ್ರೈಂಡರ್ ಇಡಬೇಕೆಂದರೆ ಟರ್ಬೊದ ನಡುಭಾಗವನ್ನು, ಅಂದರೆ ಶಾಫ್ಟ್ ಮತ್ತು ಟರ್ಬೈನ್ ಚಕ್ರವನ್ನು, ಪೂರ್ತಿ ಬಿಚ್ಚಿ ಪಕ್ಕಕ್ಕಿಡಬೇಕು. ಇವರು ಬಿಚ್ಚಿಲ್ಲ. ಅವರೇ ವಾಟ್ಸಾಪಿಗೆ ಕಳಿಸಿದ ಫೋಟೊದಲ್ಲಿ ಕಾಣುತ್ತದೆ: ಟರ್ಬೊ ಹಾಗೇ ಇದೆ, ತೂತಿಗೆ ಒಂದು ಬಟ್ಟೆ ತುರುಕಿದ್ದಾರೆ, ಅದರ ಮೇಲೆಲ್ಲ ಕಬ್ಬಿಣದ ಪುಡಿ. ಬಟ್ಟೆ ಎಳೆದಾಗ ಆ ಪುಡಿ ಎಲ್ಲಿಗೆ ಬೀಳುತ್ತದೆ ಎಂದು ಯೋಚಿಸಿ. ಟರ್ಬೈನ್ ಚಕ್ರ ನಿಮಿಷಕ್ಕೆ 2 ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುವಂಥದ್ದು. ಆ ವೇಗದಲ್ಲಿ ಸಾಸಿವೆಯಷ್ಟು ಚೂರು ತಗುಲಿದರೂ ಬ್ಲೇಡಿನ ತುದಿ ಉಳಿಯುವುದಿಲ್ಲ.

ಗಾಡಿ ಮೊದಲು ಆಂಬುಲೆನ್ಸ್ ಸೈರನ್ ಥರ ಕೂಗತೊಡಗಿತು, ಆಮೇಲೆ ನೀಲಿ ಹೊಗೆ. ಧಾರವಾಡದ ಹಳೆಯ ಮಿಸ್ತ್ರಿಯೊಬ್ಬರು ಟರ್ಬೊ ಇಳಿಸಿ ನನ್ನ ಬೆರಳನ್ನು ಬ್ಲೇಡಿನ ಅಂಚಿಗೆ ಹಚ್ಚಿಸಿದರು. ಗರಗಸದ ಹಲ್ಲಿನಂತೆ ಕಚ್ಚು ಕಚ್ಚು. ಶಾಫ್ಟ್ ಹಿಡಿದು ಅಲುಗಾಡಿಸಿದರೆ ಚಕ್ರ ಹೌಸಿಂಗ್‌ಗೆ ತಾಗುತ್ತಿತ್ತು. ‘ಇದು ಚೂರು ಬಡದದ್ದರಿ ಸರ್ರ, ಸವದದ್ದಲ್ಲ’ ಎಂದರು. ಅದೇ ಮಾತನ್ನು ಗ್ಯಾರೇಜಿನವರ ಮುಂದಿಟ್ಟರೆ ಬಂದ ಉತ್ತರ: ‘ನಿಮ್ಮ ಟರ್ಬೊ ಮೊದ್ಲ ಹೋಗಿತ್ರಿ, ನಮ್ಮ ಕೆಲಸಕ್ಕೂ ಅದಕ್ಕೂ ಸಂಬಂಧ ಇಲ್ಲ.’ ಅವರದೇ ಫೋಟೊ ತೋರಿಸಿದ ಮೇಲೆ ಫೋನೇ ಎತ್ತಲಿಲ್ಲ.

ಪೋರ್ಟಿಂಗ್ ಕೆಲಸವೇ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ರೇಸ್ ಎಂಜಿನ್ ಕಟ್ಟುವವರು ಫ್ಲೋ ಬೆಂಚಿನಲ್ಲಿ ಗಾಳಿಯ ಹರಿವು ಅಳೆದು, ಎಲ್ಲ ಪೋರ್ಟ್‌ಗಳನ್ನೂ ಒಂದೇ ಅಳತೆಗೆ ತರುತ್ತಾರೆ. ಅಳೆಯುವ ಸಾಧನವಿಲ್ಲದೆ ಕಣ್ಣಂದಾಜಿನಲ್ಲಿ ಕೆರೆಯುವವರ ಕೈಗೆ ಹೆಡ್ ಕೊಡಬೇಡಿ. ಪೋರ್ಟಿನ ಗೋಡೆಯ ಆಚೆಗೇ ಕೂಲಂಟ್ ಹರಿಯುತ್ತದೆ, ಗೋಡೆ ತೂತಾದರೆ ಹೆಡ್ ಹೋದಂತೆಯೇ. ಮಾಡಿಸಲೇಬೇಕು ಅಂತಿದ್ದರೆ ಬಿಚ್ಚುವ ಮೊದಲು ಟರ್ಬೊ ಶಾಫ್ಟ್ ಅಲುಗಾಡಿಸಿ ವಿಡಿಯೊ ಮಾಡಿಟ್ಟುಕೊಳ್ಳಿ. ಗ್ರೈಂಡಿಂಗ್ ಮುಗಿದ ಮೇಲೆ ಹೆಡ್ಡನ್ನು ಬಿಸಿ ಸೋಪುನೀರಿನಲ್ಲಿ, ಆಯಿಲ್ ದಾರಿಗಳಿಗೆ ಬ್ರಷ್ ಹಾಕಿಸಿ, ನಿಮ್ಮೆದುರೇ ತೊಳೆಸಿ. ವಾಲ್ವ್ ಕೂರಿಸಿದ ಮೇಲೆ ಪೋರ್ಟಿಗೆ ಸೀಮೆಎಣ್ಣೆ ಸುರಿದು ನೋಡಿ, ಒಸರಿದರೆ ವಾಲ್ವ್ ಕೂರುವ ಸೀಟಿಗೆ ಗ್ರೈಂಡರ್ ತಗುಲಿರಬಹುದು.

ಈಗಾಗಲೇ ಮಾಡಿಸಿದ್ದು, ಬೂಸ್ಟ್ ಏರುವಾಗ ಹಿಂದೆ ಇರದ ಸೀಟಿ ಕೇಳುತ್ತಿದ್ದರೆ ಗಾಡಿ ಓಡಿಸಬೇಡಿ, ಟೋ ಮಾಡಿಸಿ. ಆಯಿಲ್ ತಡೆಯುವ ಸೀಲ್ ಬಿಟ್ಟ ಟರ್ಬೊ ಎಂಜಿನ್ ಆಯಿಲನ್ನೇ ಹೀರಿಬಿಡುತ್ತದೆ, ಆಯಿಲ್ ಖಾಲಿಯಾದರೆ ಎಂಜಿನ್ನೇ ಜಾಮ್ ಆಗುತ್ತದೆ.